ಸಾಲ್ಟ್‌ವಾಟರ್ ಟ್ಯಾಂಕ್ ಬೇಗ ಸೈಕಲ್ ಆಗೋಕೆ ಮೊದಲು ಯಾವ ಮೀನು ಬಿಡ್ಬೇಕು, ಡ್ಯಾಮ್ಸೆಲ್ಲಾ ಕ್ಲೌನಾ?

ಎರಡೂ ಬೇಡ. ಸೈಕಲ್ ಅಂದ್ರೆ ಟ್ಯಾಂಕಲ್ಲಿ ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ಬೆಳೆಯೋದು, ಅದಕ್ಕೆ ಮೀನೇ ಬೇಕು ಅಂತಿಲ್ಲ. ಎರಡಡಿ ಟ್ಯಾಂಕು, ಇನ್ನು ಹತ್ತು ದಿನಕ್ಕೆ ಮಗಳ ಹುಟ್ಟುಹಬ್ಬ, ಅಷ್ಟರೊಳಗೆ ಮೀನು ಓಡಾಡ್ತಿರ್ಬೇಕು ಅಂತ ಬರೆದಿದೀರಲ್ಲ, ಓದಿ ನಗು ಬಂತು, ಮೂರು ವರ್ಷದ ಹಿಂದೆ ನಾನೂ ಹಿಂಗೇ ಕ್ಯಾಲೆಂಡರ್ ನೋಡ್ಕೊಂಡು ಕೂತಿದ್ದೆ.

ನಂದೂ ಎರಡಡಿದೇ, ಕಲ್ಲು ಮರಳು ಹಾಕಿದ್ಮೇಲೆ 70 ಲೀಟರ್ ನೀರು ಹಿಡಿಯುತ್ತೆ. ಅಂಗಡಿಯವ್ನು 'ಮೂರು ಡ್ಯಾಮ್ಸೆಲ್ ಬಿಡಿ ಸಾರ್, ಗಟ್ಟಿ ಮೀನು, ಸೈಕಲ್ ತಾನಾಗೇ ಆಗುತ್ತೆ' ಅಂದ. ಪುಣ್ಯಕ್ಕೆ ಕೇಳ್ಲಿಲ್ಲ. ಗಟ್ಟಿ ಮೀನು ಅಂದ್ರೆ ಅಮೋನಿಯಾದಲ್ಲಿ ಕಿವಿರು ಸುಟ್ಕೊಂಡು ಸಾಯೋಕೆ ಸ್ವಲ್ಪ ಜಾಸ್ತಿ ದಿನ ತಗೊಳ್ಳೋ ಮೀನು, ಅಷ್ಟೇ. ಅಕಸ್ಮಾತ್ ಬದುಕಿತೋ, ಇಡೀ ಟ್ಯಾಂಕ್ ತನ್ನ ಹೆಸರಿಗೆ ರಿಜಿಸ್ಟರ್ ಆಗಿದೆ ಅನ್ನೋ ಥರ ಆಡುತ್ತೆ, ಆಮೇಲೆ ಬಂದ ಮೀನನ್ನೆಲ್ಲ ಅಟ್ಟಿಸಿ ಹೊಡೆಯುತ್ತೆ, ಹಿಡಿಯೋಣ ಅಂದ್ರೆ ಜೋಡಿಸಿದ ಕಲ್ಲನ್ನೆಲ್ಲ ಹೊರಗೆ ತೆಗೀಬೇಕು.

ನಾನು ಮಾಡಿದ್ದು ಇಷ್ಟೆ, ಒಂದು ಹಸಿ ಸಿಗಡಿ ತಂದು ಹಳೇ ಕಾಲುಚೀಲದಲ್ಲಿ ಗಂಟು ಕಟ್ಟಿ ಮೂಲೇಲಿ ಬಿಟ್ಟೆ. ಅದು ಕೊಳೀತಾ ಅಮೋನಿಯಾ ಬಿಡುತ್ತೆ, ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಜಾತಿ ನೈಟ್ರೇಟ್ ಮಾಡುತ್ತೆ, ಸೈಕಲ್ ಅಂದ್ರೆ ಈ ಎರಡು ಸಂಸಾರ ಕಲ್ಲಿನ ಮೇಲೆ ಬೇರೂರೋದು. ಒಂದು ವಾರ ವಾಸನೆಗೆ ಮನೆಯವಳು ಹಾಲಿಗೇ ಬರ್ಲಿಲ್ಲ. ಈಗ ಮಾಡೋದಾದ್ರೆ ಟ್ಯಾಂಕಿಗೆ ಅಂತಾನೇ ಬರೋ ಅಮೋನಿಯಾ ಬಾಟಲಿ ತಂದು 2 ಪಿಪಿಎಮ್, ಅಂದ್ರೆ ಲೀಟರಿಗೆ 2 ಮಿಲಿಗ್ರಾಂ, ಬರೋ ಹಾಗೆ ಹಾಕ್ತೀನಿ. ಹಾಕಿದ 2 ಪಿಪಿಎಮ್ 24 ಗಂಟೇಲಿ ಸೊನ್ನೆ ಆಗ್ಬೇಕು, ನೈಟ್ರೈಟೂ ಸೊನ್ನೆ ಇರ್ಬೇಕು, ಆಗ ಮುಗೀತು ಅಂತ. ನಂಗೆ 38 ದಿನ ಹಿಡೀತು. ನಡುವೆ ಮರಳೆಲ್ಲ ಕಂದು ಬಣ್ಣಕ್ಕೆ ತಿರುಗುತ್ತೆ, ಡಯಾಟಮ್ ಅನ್ನೋ ಪಾಚಿ ಅದು, ಹೆದರ್ಬೇಡಿ.

ಇಷ್ಟೆಲ್ಲ ತಾಳ್ಮೆಯಿಂದ ಮಾಡಿ ಆಮೇಲೆ ಕೆಡಿಸಿದ್ದು ಕೇಳಿ. ದೊಡ್ಡ ವಾಟರ್ ಚೇಂಜ್ ಮಾಡ್ದೆ, ಸಾಲಿನಿಟಿ (ನೀರಿನ ಉಪ್ಪಿನಂಶ) ಹೈಡ್ರೋಮೀಟರಲ್ಲಿ ಅಳೆದೆ, ಸಾಂದ್ರತೆ 1.026, ಅಂದ್ರೆ ಲೀಟರಿಗೆ 35 ಗ್ರಾಂ ಉಪ್ಪು, ಸಮುದ್ರದ್ದೂ ಅಷ್ಟೇ. ಹೈಡ್ರೋಮೀಟರ್ ಡ್ರಾಯರಿಗೆ ಹೋಯ್ತು. ಎರಡು ಕ್ಲೌನು, ಒಂದು ಕ್ಲೀನರ್ ಶ್ರಿಂಪ್, ನಾಲ್ಕು ಬಸವನಹುಳು ಬಂದ್ವು. ಅಷ್ಟೊತ್ತಿಗೆ ಮಾರ್ಚ್, ಬೆಂಗಳೂರು ಬಿಸಿಲು, ನೀರು 29 ಡಿಗ್ರಿ ದಾಟ್ತಿದೆ ಅಂತ ಮುಚ್ಚಳ ತೆಗೆದು ಫ್ಯಾನ್ ಇಟ್ಟೆ, ದಿನಕ್ಕೆ ಒಂದು ಲೀಟರ್ ನೀರು ಆರೋಕೆ ಶುರುವಾಯ್ತು. ನಾನು ದಿನಾ ಬೆಳಿಗ್ಗೆ ಒಂದು ಲೀಟರ್ ಉಪ್ಪುನೀರು ಕಲಸಿ ತುಂಬಿಸ್ತಿದ್ದೆ.

ಗೊತ್ತಾಯ್ತಾ ಎಲ್ಲಿ ಎಡವಿದ್ದು? ಆರೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತೆ. ದಿನಕ್ಕೆ 35 ಗ್ರಾಂ ಅಂದ್ರೆ ಇಪ್ಪತ್ತು ದಿನಕ್ಕೆ 700 ಗ್ರಾಂ, 70 ಲೀಟರಲ್ಲಿ ಲೀಟರಿಗೆ ಹತ್ತು ಗ್ರಾಂ ಹೆಚ್ಚು, 35 ಇದ್ದದ್ದು 45. ಸಮುದ್ರದ ಮೀನಿಗೆ ಸಿಹಿನೀರು ಹಾಕೋದಾ ಅನ್ನೋದೊಂದೇ ತಲೇಲಿ. ಮರ್ಯಾದೆ ಹೋಗೋ ವಿಷ್ಯ ಏನಂದ್ರೆ ನಮ್ಮಜ್ಜನ ಊರು ಗೋಕರ್ಣದ ಹತ್ರ, ಸಾಣಿಕಟ್ಟಾದ ಉಪ್ಪಿನ ಆಗರ ನೋಡ್ಕೊಂಡೇ ಬೆಳೆದವ್ನು ನಾನು! ಗದ್ದೆಗೆ ಅಘನಾಶಿನಿಯ ಉಪ್ಪುನೀರು ಬಿಟ್ಟು, ಬಿಸಿಲಿಗೆ ಒಣಗಿಸಿ, ಉಪ್ಪು ಎಳೆದು ರಾಶಿ ಹಾಕೋದನ್ನ ರಜೆಯಲ್ಲೆಲ್ಲ ನೋಡಿದ್ದೆ. ಅದನ್ನೇ ಬಾಡಿಗೆ ಮನೆ ಹಾಲಲ್ಲಿ ಮಾಡ್ತಾ ಇದ್ದೆ, ಗೊತ್ತಾಗ್ಲಿಲ್ಲ.

ಮೊದಲು ಬಸವನಹುಳು ಗಾಜಿಂದ ಕೆಳಗೆ ಬಿದ್ವು. ಗಾಜಿನಂಚಲ್ಲಿ ಬಿಳೀ ಉಪ್ಪಿನ ಹೊಪ್ಪಳೆ ಕಟ್ಟಿತ್ತು, ಬೆರಳಲ್ಲಿ ಕೆರೆದು ನೋಡಿದವ್ನಿಗೆ ಆಗ ಹೊಳೀತು. ಅಳೆದೆ, 1.034. ಗಾಬರಿಲಿ ರಾತ್ರಿ ಹನ್ನೊಂದಕ್ಕೆ 15 ಲೀಟರ್ ತೆಗೆದು 15 ಲೀಟರ್ ಬರೀ ಆರ್‌ಒ ನೀರು ಸುರಿದೆ, ಹತ್ತು ನಿಮಿಷದಲ್ಲಿ 35ಕ್ಕೆ ಇಳೀತು. ಇದು ಮೊದಲ್ನೇದಕ್ಕಿಂತ ದೊಡ್ಡ ತಪ್ಪು, ಶ್ರಿಂಪಿಗೆ ಅಷ್ಟು ಬೇಗ ಒಗ್ಗಲ್ಲ, ಬೆಳಿಗ್ಗೆ ಮಗುಚಿ ಬಿದ್ದಿತ್ತು. ಸತ್ತ ಹುಳುಗಳಿಂದ ಅಮೋನಿಯಾ ಏರಿ ಒಂದು ಕ್ಲೌನೂ ಹೋಯ್ತು. ದಿನಕ್ಕೆ ಎರಡೂವರೆ ಲೀಟರ್ ಬದಲಾಯಿಸಿ ಒಂದು ವಾರ ತಗೊಂಡು ಇಳಿಸ್ಬೇಕಿತ್ತು.

ಹಾಗಾಗಿ ಇವತ್ತೇ ನೀರಿನ ಮಟ್ಟಕ್ಕೆ ಗಾಜಿನ ಮೇಲೆ ಒಂದು ಕಪ್ಪು ಟೇಪ್ ಅಂಟಿಸಿ, ಆ ಗೆರೆ ತನಕ ದಿನಾ ಉಪ್ಪಿಲ್ಲದ ನೀರು ಮಾತ್ರ. ಅಡುಗೆಮನೆ ಆರ್‌ಒ ನಂಬೋ ಮೊದಲು ನೀರಲ್ಲಿ ಕರಗಿರೋ ಲವಣ ತೋರಿಸೋ ಟಿಡಿಎಸ್ ಮೀಟರ್ ಅದ್ದಿ ನೋಡಿ, ನಮ್ಮದು 60 ತೋರಿಸ್ತು, ರುಚಿಗೆ ಅಂತ ಮಿನರಲ್ ಬಿಡೋ ಮಷಿನ್ ಅದು, ಉಳಿದ ಲವಣನೂ ಹಿಡಿಯೋ ಡಿಐ ಕ್ಯಾನಿಸ್ಟರ್ ಸೇರಿಸಿದ್ಮೇಲೆ ಸೊನ್ನೆಗೆ ಬಂತು. ಉಪ್ಪಿನಂಶ ಅಳೆಯೋ ರಿಫ್ರ್ಯಾಕ್ಟೋಮೀಟರ್ ತಗೊಳ್ಳಿ, ವಾರಕ್ಕೊಂದ್ಸಲ ಅಳೀರಿ. ಯಾರಾದ್ರೂ ಲೋಕಲ್ ಲೈವ್ ರಾಕ್ (ಬ್ಯಾಕ್ಟೀರಿಯಾ ಮೊದಲೇ ಇರೋ ಸಮುದ್ರದ ಕಲ್ಲು) ಅಂತ ಹವಳದ ಕಲ್ಲು ಕೊಡೋಕೆ ಬಂದ್ರೆ ಬೇಡ ಅನ್ನಿ, ಗಟ್ಟಿ ಹವಳ ನಮ್ಮ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ರಲ್ಲಿದೆ, ಹುಲಿ ಇರೋ ಪಟ್ಟಿ ಅದು. ಒಣ ಕಲ್ಲಲ್ಲೂ ಬ್ಯಾಕ್ಟೀರಿಯಾ ಬರುತ್ತೆ, ನಿಧಾನ ಅಷ್ಟೇ.

ಹುಟ್ಟುಹಬ್ಬಕ್ಕೆ ಮಗಳಿಗೆ ಟೆಸ್ಟ್ ಕಿಟ್ ಕೊಟ್ಬಿಡಿ, ತಮಾಷೆಗೆ ಹೇಳ್ತಿಲ್ಲ. ನಮ್ಮನೇಲಿ ಟ್ಯೂಬ್ ಅಲ್ಲಾಡಿಸಿ ಬಣ್ಣದ ಕಾರ್ಡಿಗೆ ಹಿಡಿಯೋ ಕೆಲ್ಸ ಮಗಂದೇ, ಟ್ಯೂಬ್‌ಲೈಟಲ್ಲಿ ಹಳದಿ ಯಾವ್ದು ತಿಳಿಹಸಿರು ಯಾವ್ದು ಅಂತ ನಂಗೆ ಇವತ್ತಿಗೂ ಗೊತ್ತಾಗಲ್ಲ.