ಗೌರಿಯ ತದ್ರೂಪಿ ಗೌರಿಯೇ ಆಗುತ್ತದೆಯೇ?

ಪ್ರಶ್ನೆ: ಡಾಕ್ಟರೇ, ನಮ್ಮ ಎಚ್‌.ಎಫ್‌. (ಹೋಲ್‌ಸ್ಟೀನ್ ಫ್ರೀಷಿಯನ್) ಹಸು ಗೌರಿಗೆ ಈಗ ಆರನೆಯ ಸೂಲು. ಇಂದಿಗೂ ಹೊತ್ತಿಗೆ ಹತ್ತು ಲೀಟರಿಗೆ ಕಡಿಮೆಯಿಲ್ಲ. ಒಮ್ಮೆಯೂ ಕೆಚ್ಚಲು ಬಾವು ಕಂಡವಳಲ್ಲ. ಅವಳ ತದ್ರೂಪಿ (ಕ್ಲೋನ್) ಮಾಡಿಸಿದರೆ ಹಣೆಯ ಬಿಳಿ ಚುಕ್ಕೆಯಿಂದ ಹಾಲಿನವರೆಗೆ ಎಲ್ಲವೂ ಹಾಗೆಯೇ ಬರುತ್ತದೆಯೇ? ತದ್ರೂಪಿಗೆ ದೋಷವಿದ್ದರೆ ಅದರ ಕರುಗಳಿಗೂ ಅಂಟುತ್ತದೆಯೇ?
– ಓದುಗರೊಬ್ಬರು, ಅರಸೀಕೆರೆ ತಾಲ್ಲೂಕು

ಉತ್ತರ: ಹಣೆಯ ಚುಕ್ಕೆಯಿಂದಲೇ ಶುರುಮಾಡೋಣ. ಅದು ಹಾಗೆಯೇ ಬರುವುದಿಲ್ಲ. ಒಂದೇ ಎಚ್‌.ಎಫ್‌. ಹಸುವಿನ ತದ್ರೂಪಿಗಳನ್ನು ಸಾಲಾಗಿ ನಿಲ್ಲಿಸಿದರೂ ಒಂದರ ಮಚ್ಚೆಯ ಅಂಚು ಇನ್ನೊಂದರದಕ್ಕೆ ಕೂಡುವುದಿಲ್ಲ. ಬಣ್ಣದ ಕೋಶಗಳು ಭ್ರೂಣದ ಬೆನ್ನಿನ ನಡುವಿನಿಂದ ಹೊರಟು ಹೊಟ್ಟೆ, ಕಾಲು, ಹಣೆಯ ಕಡೆಗೆ ಸರಿಯುತ್ತವೆ. ಎಲ್ಲಿಯವರೆಗೆ ತಲುಪುತ್ತವೆ ಎಂಬುದು ಪ್ರತಿ ಗರ್ಭದಲ್ಲೂ ಬೇರೆ.

ಹಾಲು, ಆರೋಗ್ಯದ ಮಾತು ಇನ್ನೂ ಆಳದ್ದು. ಕೆರೆ ಒಂದೇ ಆದರೂ ಯಾವ ತೂಬು ತೆರೆದಿದೆ, ಯಾವುದು ಮುಚ್ಚಿದೆ ಎಂಬುದರ ಮೇಲಲ್ಲವೇ ಗದ್ದೆಗೆ ನೀರು? ಜೀನುಗಳೂ ಹಾಗೆಯೇ. ಮೀಥೈಲ್ ಎಂಬ ಪುಟ್ಟ ಗುಂಪು, ಅಂದರೆ ಒಂದು ಇಂಗಾಲ ಮತ್ತು ಮೂರು ಜಲಜನಕ, ಡಿಎನ್‌ಎಗೆ ಅಂಟಿಕೊಂಡು ಅನೇಕ ಜೀನುಗಳನ್ನು ಸುಮ್ಮನಿರಿಸುತ್ತದೆ. ಇಂಥ ಗುರುತುಗಳ ಅಧ್ಯಯನವೇ ಎಪಿಜೆನೆಟಿಕ್ಸ್. ಗೌರಿಯ ಚರ್ಮದ ಕೋಶದಲ್ಲಿ ಚರ್ಮಕ್ಕೆ ಬೇಕಾದ ತೂಬುಗಳಷ್ಟೇ ತೆರೆದಿರುತ್ತವೆ. ಅದರ ಕೋಶಕೇಂದ್ರವನ್ನು ಖಾಲಿ ಮಾಡಿದ ಅಂಡಾಣುವಿನೊಳಗೆ ಇಟ್ಟಾಗ, ಆ ಹಳೆಯ ಗುರುತುಗಳನ್ನೆಲ್ಲ ಅಳಿಸಿ ಹೊಸದಾಗಿ ಬರೆಯುವ ಕೆಲಸ ಅಂಡಾಣುವಿನ ಮೇಲೆ ಬೀಳುತ್ತದೆ. ಆ ಕೆಲಸ ಎಲ್ಲ ಭ್ರೂಣಗಳಲ್ಲೂ ಒಂದೇ ರೀತಿ ಮುಗಿಯುವುದಿಲ್ಲ.

ಬೆಳವಣಿಗೆಗೆ ಕಡಿವಾಣ ಹಾಕುವ ಜೀನೇ ಮೌನವಾದರೆ ಕರು ಗರ್ಭದಲ್ಲೇ ಮಿತಿಮೀರಿ ಬೆಳೆಯುತ್ತದೆ, ಮಾಸು ಊದಿ ನೀರು ತುಂಬಬಹುದು. ಒಮ್ಮೆ ರಾತ್ರಿ ಲಾಂದ್ರದ ಬೆಳಕಿನಲ್ಲಿ, ಮುಂಗಾಲುಗಳಿಗೆ ಹಗ್ಗ ಕಟ್ಟಿ ನಾಲ್ಕು ಜನ ಸೇರಿ ಅಂಥ ದೊಡ್ಡ ಕರುವೊಂದನ್ನು ಎಳೆದಿದ್ದೆವು. ಕರು ಬದುಕಿತು, ತಾಯಿ ಮತ್ತೆ ಏಳಲಿಲ್ಲ. ಅದು ತದ್ರೂಪಿಯಲ್ಲ, ಸಾಮಾನ್ಯ ಕರು. ತದ್ರೂಪಿಯ ಗರ್ಭ ಹೊರುವ ಹಸುವಿಗೆ ಈ ಅಪಾಯ ಹೆಚ್ಚು ಎನ್ನುವಾಗಲೆಲ್ಲ ನನಗೆ ಆ ಕೊಟ್ಟಿಗೆಯೇ ಕಣ್ಣಮುಂದೆ ಬರುತ್ತದೆ.

1998ರಲ್ಲಿ ಜಪಾನಿನಲ್ಲಿ ಒಂದೇ ಹಸುವಿನಿಂದ ಎಂಟು ತದ್ರೂಪಿ ಕರುಗಳು ಹುಟ್ಟಿದವು. ನಾಲ್ಕು ಹುಟ್ಟುವ ಹೊತ್ತಿಗೋ ಸ್ವಲ್ಪ ದಿನಗಳಲ್ಲೋ ಸತ್ತವು. ಅದಕ್ಕೆಲ್ಲ ಈ ಗುರುತುಗಳೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಅದೇ ಗುಂಪಿನ ಕಾಗಾ ಎಂಬ ಹಸು 2019ರವರೆಗೆ, ಇಪ್ಪತ್ತೊಂದು ವರ್ಷ ಬಾಳಿತು.

ನಮ್ಮ ದೇಶದ ಮಾತಿಗೆ ಬಂದರೆ, ಕರ್ನಾಲ್‌ನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ 2023ರ ಮಾರ್ಚ್‌ನಲ್ಲಿ ಹುಟ್ಟಿದ ಗಂಗಾ ಗಿರ್ ತಳಿಯ ತದ್ರೂಪಿ. ಅಂಡಾಣು ಸಾಹಿವಾಲ್ ಹಸುವಿನದು, ಹೊತ್ತದ್ದು ಮಿಶ್ರತಳಿಯ ಹಸು. ಅಂದರೆ ಒಂದು ಕರುವಿನ ಹಿಂದೆ ಮೂರು ಹಸುಗಳು! ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಬಹುಪಾಲು ಬರುವುದು ಅಂಡಾಣುವಿನಿಂದಲೇ, ಹಾಗಾಗಿ ಅದರಲ್ಲಿ ತದ್ರೂಪಿ ಮೂಲ ಹಸುವಿನಂತಿರುವುದಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ ನೆಮ್ಮದಿಯ ಉತ್ತರವಿದೆ. ತದ್ರೂಪಿ ಹಸು ಸಹಜವಾಗಿ ಗಬ್ಬವಾಗಿ ಈದರೆ ಕರು ಸಾಮಾನ್ಯವಾಗಿಯೇ ಇರುತ್ತದೆ. ಅಂಡಾಣು, ವೀರ್ಯಾಣುಗಳು ರೂಪುಗೊಳ್ಳುವಾಗ ಆ ತಪ್ಪು ಗುರುತುಗಳು ಅಳಿದು, ಸರಿಯಾದವು ಮತ್ತೆ ಬೀಳುತ್ತವೆ.

ಗೌರಿಗೆ ಹೆಣ್ಣುಗರುಗಳಿವೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಅವುಗಳ ಮೊದಲ ಸೂಲಿನ ಹಾಲಿನ ಲೆಕ್ಕವನ್ನು ದಿನವೂ ಬರೆದಿಟ್ಟು ನನಗೆ ಕಳುಹಿಸಿ.