ಹಿಸ್ಪಾನಿಕ್ ರೋಗಿಗಳಲ್ಲಿ ಆಂಜಿಯೋಪ್ಲಾಸ್ಟಿ ಆದಮೇಲೆ ತೊಂದರೆ ಯಾರಿಗೆ ಜಾಸ್ತಿ?

ಹಿಸ್ಪಾನಿಕ್ ಅಂದ್ರೆ ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದವರು. ಆ ಒಂದೇ ಕಾರಣಕ್ಕೆ ಯಾರ ಸ್ಟೆಂಟೂ (ಆಂಜಿಯೋಪ್ಲಾಸ್ಟಿಯಲ್ಲಿ ಹೃದಯದ ರಕ್ತನಾಳ ತೆರೆದಿಡಲು ಹಾಕುವ ಜಾಲರಿಯಂಥ ಕೊಳವೆ) ಕೆಡುವುದಿಲ್ಲ. ಜೊತೆಗಿರುವ ಕಾಯಿಲೆಗಳು, ಅಮೆರಿಕದಲ್ಲಿ ಚಿಕಿತ್ಸೆ ಕೈಗೆಟುಕುವ ರೀತಿ, ಇವೇ ಮುಖ್ಯ.

ಮೊದಲನೆಯದು ಸಕ್ಕರೆ ಕಾಯಿಲೆ. ಅಮೆರಿಕದ ನಾಲ್ಕು ನಗರಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಮೆಕ್ಸಿಕೊ ಮೂಲದವರಲ್ಲಿ ಸುಮಾರು 18%, ದಕ್ಷಿಣ ಅಮೆರಿಕ ಮೂಲದವರಲ್ಲಿ ಸುಮಾರು 10% ಜನರಿಗೆ ಅದಿತ್ತು. ಇಷ್ಟು ವ್ಯತ್ಯಾಸ ಇರುವಾಗ ಎಲ್ಲರನ್ನೂ ಸುಮ್ನೆ ಒಂದೇ ಗುಂಪು ಅನ್ನೋದು ಸರಿಯಲ್ಲ, ಅಲ್ವಾ? ಸಕ್ಕರೆ ಇರುವವರ ರಕ್ತನಾಳ ಸಾಮಾನ್ಯವಾಗಿ ಸಣ್ಣ, ಬ್ಲಾಕ್ ಉದ್ದ. ಹಾಗಾಗಿ ಸ್ಟೆಂಟ್ ಒಳಗೆ ಮತ್ತೆ ಕಟ್ಟಿಕೊಳ್ಳುವ ಸಾಧ್ಯತೆ ಹೆಚ್ಚು. ಕಿಡ್ನಿಯೂ ಸೋತಿದ್ದರೆ, ಎಕ್ಸ್‌ರೇಯಲ್ಲಿ ನಾಳ ಕಾಣಲೆಂದು ಬಿಡುವ ಡೈ ಅದನ್ನು ಇನ್ನಷ್ಟು ಕೆಡಿಸಬಹುದು. ಅಂಥವರಿಗೆ ಎರಡು ಮೂರು ದಿನ ಬಿಟ್ಟು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ) ಮತ್ತೆ ನೋಡುತ್ತಾರೆ.

ವಯಸ್ಸಾದವರು, ಹೆಂಗಸರು, ತೂಕ ಕಡಿಮೆ ಇರುವವರು, ರಕ್ತಹೀನತೆ ಇರುವವರಿಗೆ ರಕ್ತಸ್ರಾವದ ಭಯ ಜಾಸ್ತಿ. ತೊಡೆಸಂದಿಯ ನಾಳಕ್ಕಿಂತ ಮಣಿಕಟ್ಟಿನ ನಾಳದ ಮೂಲಕ ಆಂಜಿಯೋಪ್ಲಾಸ್ಟಿ ಮಾಡಿದರೆ ಅದು ಕಡಿಮೆ. ಹಾರ್ಟ್ ಅಟ್ಯಾಕ್ ಆಗಿ, ಬಿಪಿ ಬಿದ್ದುಹೋಗಿ, ಶಾಕ್‌ನಲ್ಲಿ ಬಂದವರ ಅಪಾಯ ಇವೆಲ್ಲಕ್ಕಿಂತ ದೊಡ್ಡದು.

ನನ್ನ ಪ್ರಕಾರ ಜನ ಕಡೆಗಣಿಸುವುದು ಮಾತ್ರೆಯ ವಿಷಯ. ಹಾರ್ಟ್ ಅಟ್ಯಾಕ್‌ಗೆ ಸ್ಟೆಂಟ್ ಹಾಕಿದ ಮೇಲೆ ಆಸ್ಪಿರಿನ್ ಜೊತೆ ಇನ್ನೊಂದು ರಕ್ತ ತೆಳುವಾಗಿಸುವ ಮಾತ್ರೆಯನ್ನು ಸಾಮಾನ್ಯವಾಗಿ 12 ತಿಂಗಳು ತಗೋಬೇಕು. ಅಮೆರಿಕದಲ್ಲಿ ವಿಮೆ ಇಲ್ಲದವರ ಪ್ರಮಾಣ ಹಿಸ್ಪಾನಿಕ್ ಜನರಲ್ಲಿ ಹೆಚ್ಚು. ದುಡ್ಡಿಲ್ಲ ಅಂತಲೋ, ಇಂಗ್ಲಿಷ್ ಚೀಟಿ ಅರ್ಥವಾಗಲಿಲ್ಲ ಅಂತಲೋ ಮಧ್ಯೆ ಬಿಟ್ಟರೆ ಸ್ಟೆಂಟ್‌ನಲ್ಲಿ ದಿಢೀರ್ ರಕ್ತ ಹೆಪ್ಪುಗಟ್ಟಬಹುದು. ಡಿಸ್ಚಾರ್ಜ್ ಹೊತ್ತಿಗೆ ಸ್ಪ್ಯಾನಿಷ್ ದುಭಾಷಿಯನ್ನು ಕೇಳಿ ಪಡೆಯಿರಿ. ಹಲ್ಲು ಕೀಳಿಸುವುದಕ್ಕೂ ಹೃದ್ರೋಗ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.