ಪಿಡಿಎಫ್ ಇದ್ದರೆ ಕಳಿಸಿ

ಈ ಸಲದ ಪತ್ರಗಳಲ್ಲಿ ಪುಕ್ಕಟೆ ಪುಸ್ತಕ, ಪುಕ್ಕಟೆ ಸಿನಿಮಾದ್ದೇ ಜಾಸ್ತಿ. ಅತ್ತೆ-ಸೊಸೆ, ಮಂಡಿನೋವಿನ ಪ್ರಶ್ನೆ ಕೇಳಿದವರು ಮುಂದಿನ ತಿಂಗಳವರೆಗೆ ತಡೆದುಕೊಳ್ಳಬೇಕು. ನನ್ನ ಹೊಟ್ಟೆಪಾಡು ನಡೆದದ್ದು ಪ್ರೆಸ್ಸುಗಳಲ್ಲಿ ಕರಡು ತಿದ್ದಿ. ಪುಸ್ತಕದ ವಿಷಯ ಬಂದರೆ ನಾನು ಯಾವ ಕಡೆ ಅಂತ ಬೇರೆ ಹೇಳಬೇಕಾಗಿಲ್ಲ.

ಪ್ರಶ್ನೆ: ಮೇಡಂ, ನಮ್ಮದೊಂದು ಓದುಗರ ವಾಟ್ಸಾಪ್ ಗುಂಪಿದೆ. ಮೊನ್ನೆ ಒಬ್ಬರು ಹೊಸ ಕಾದಂಬರಿಯೊಂದರ ಪಿಡಿಎಫ್ ಹಾಕಿದರು. ಪುಸ್ತಕ ಬಿಡುಗಡೆಯಾಗಿ ಇನ್ನೂ ಎರಡು ತಿಂಗಳೂ ಆಗಿಲ್ಲ. ‘ಇದು ಸರಿಯಲ್ಲ’ ಅಂದೆ. ಅದಕ್ಕೆ ಅಡ್ಮಿನ್, ‘ನಾವೇನು ದುಡ್ಡಿಗೆ ಮಾರ್ತಿದೀವಾ? ಓದೋರೇ ಇಲ್ಲದ ಕಾಲದಲ್ಲಿ ನಾಲ್ಕು ಜನಕ್ಕೆ ಕನ್ನಡ ಓದಿಸ್ತಿದೀವಿ’ ಅಂದರು. ಎಲ್ಲರೂ ಅವರಿಗೇ ಕೈಮುಗಿಯುವ ಚಿತ್ರ ಹಾಕಿದರು. ನಾನು ಅತಿ ಮಾಡಿದೆನಾ? ಲೈಬ್ರರಿಯಿಂದ ತಂದು ಓದುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?
(ಬ್ಯಾಂಕ್ ಉದ್ಯೋಗಿ, ದಾವಣಗೆರೆ)

ಅತಿ ಏನೂ ಇಲ್ಲ. ನೀವು ಹೇಳಿದ್ದೇ ಸರಿ.

ಇಂಥದ್ದೇ ಒಂದು ಪಿಡಿಎಫ್ ನನ್ನ ಫೋನಿಗೂ ಬಂದಿತ್ತು. ನಾನೇ ಕರಡು ನೋಡಿದ್ದ ಪುಸ್ತಕ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದ್ದರು. ಪುಟಪುಟದ ಅಂಚಿನಲ್ಲೂ ಪುಸ್ತಕ ಒತ್ತಿ ಹಿಡಿದ ಒಂದು ಹೆಬ್ಬೆರಳು. ನಡುವೆ ಒಂದು ಹಾಳೆ ಹಾರಿಹೋಗಿದೆ, ಕಥೆಯಲ್ಲಿ ಮುದುಕ ಹೇಗೆ ಸತ್ತ ಅನ್ನೋದೇ ಗೊತ್ತಾಗುವುದಿಲ್ಲ. ಶೀರ್ಷಿಕೆ ಪುಟದಲ್ಲಿ ನೀಲಿ ಶಾಯಿಯಲ್ಲಿ ‘ಪ್ರೀತಿಯಿಂದ’ ಅಂತ ಲೇಖಕರದ್ದೇ ಅಕ್ಷರ, ಕೆಳಗೆ ಸಹಿ, ತಾರೀಖು. ಯಾರಿಗೆ ಕೊಟ್ಟದ್ದು ಅನ್ನುವ ಕಡೆ ಮಾತ್ರ ಬಿಳಿ ಪಟ್ಟಿ ಎಳೆದು ಹೆಸರು ಅಳಿಸಿದ್ದರು. ಅಂದರೆ ಅದು ಗೌರವ ಪ್ರತಿ. ಲೇಖಕರು ಮನೆಗೆ ಕರೆದು ಕೈಗೆ ಕೊಟ್ಟದ್ದೋ, ವಿಮರ್ಶೆಗೆ ಅಂತ ಅಂಚೆಯಲ್ಲಿ ಕಳಿಸಿದ್ದೋ.

ಹೆಸರು ಅಳಿಸಬೇಕು ಅಂತ ಹೊಳೆಯಿತು ಅಂದಮೇಲೆ ಆ ಮನುಷ್ಯನಿಗೆ ತಾನು ಮಾಡುತ್ತಿರುವುದು ಏನು ಅಂತ ಗೊತ್ತಿತ್ತು, ಅಲ್ವಾ? ಕನ್ನಡ ಸೇವೆಯಾಗಿದ್ದರೆ ಹೆಸರು ಯಾಕೆ ಮುಚ್ಚಿಡಬೇಕು? ನಮ್ಮಲ್ಲಿ ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಟ್ಟವರು ಬೆಳಕು ಬೀಳದಿದ್ದರೂ ಪರವಾಗಿಲ್ಲ ಅಂತ ಅದರ ಮೇಲೇ ಹೆಸರು ಬರೆಸುತ್ತಾರೆ!

ಇನ್ನು ಲೆಕ್ಕ. ಕನ್ನಡದಲ್ಲಿ ಒಂದು ಮುದ್ರಣ ಅಂದರೆ ಸಾವಿರ ಪ್ರತಿ ಅನ್ನುವುದು ಹಳೆಯ ಮಾತು. ಈಗ ಐನೂರು ಹಾಕಿಸಲೂ ಪ್ರಕಾಶಕರು ಯೋಚನೆ ಮಾಡುತ್ತಾರೆ. ಬೆಲೆ 200 ರೂಪಾಯಿ, ಲೇಖಕರಿಗೆ ನೂರಕ್ಕೆ ಹತ್ತು ಅಂತ ಇಟ್ಟುಕೊಳ್ಳಿ. ಐನೂರೂ ಖರ್ಚಾದರೆ ಅವರ ಕೈಗೆ ಬರುವುದು 10,000 ರೂಪಾಯಿ. ವರ್ಷಗಟ್ಟಲೆ ರಾತ್ರಿ ಕೂತು ಬರೆದದ್ದಕ್ಕೆ. ಅದೂ ದುಡ್ಡಿನ ರೂಪದಲ್ಲಿ ಬಂದರೆ. ಎಷ್ಟೋ ಲೇಖಕರಿಗೆ ಅದರ ಬದಲು ಪುಸ್ತಕದ ಕಟ್ಟು ಬರುತ್ತದೆ, ಅಟ್ಟದ ಮೇಲೆ ಕೂರುತ್ತದೆ. ಉಳಿದದ್ದರಲ್ಲಿ ಅಂಗಡಿಯ ಕಮಿಷನ್, ಕಾಗದ, ಅಚ್ಚು, ಬೈಂಡಿಂಗ್, ಮುಖಪುಟ, ಡಿಟಿಪಿ. ಕರಡಿನವರಿಗೆ ಪುಟಕ್ಕಿಷ್ಟು ಅಂತ. ಎಷ್ಟು ಅಂತ ಕೇಳಬೇಡಿ, ನಗುತ್ತೀರಿ.

ಡೌನ್‌ಲೋಡ್ ಮಾಡಿಕೊಂಡವರೆಲ್ಲ ಇಲ್ಲದಿದ್ದರೆ ಕೊಂಡು ಓದುತ್ತಿದ್ದರು ಅಂತ ನಾನು ಹೇಳುವುದಿಲ್ಲ. ‘ಪಿಡಿಎಫ್ ಇದ್ದರೆ ಕಳಿಸಿ’ ಅನ್ನುವವರಲ್ಲಿ ಬಹಳ ಜನ ಕೂಡಿಡುವವರು, ಓದುವವರಲ್ಲ. ಆದರೆ ಐನೂರು ಪ್ರತಿಯ ವ್ಯಾಪಾರದಲ್ಲಿ ಐವತ್ತು ಗಿರಾಕಿ ತಪ್ಪಿದರೂ ಎರಡನೇ ಮುದ್ರಣದ ಮಾತು ಅಲ್ಲಿಗೇ ನಿಲ್ಲುತ್ತದೆ. ಲಕ್ಷಗಟ್ಟಲೆ ಮಾರುವ ಇಂಗ್ಲಿಷ್ ಪುಸ್ತಕಕ್ಕೆ ಅಷ್ಟು ಹೋದದ್ದು ಗೊತ್ತೇ ಆಗುವುದಿಲ್ಲ. ಹೊಡೆತ ಬೀಳುವುದು ನಮ್ಮಂಥ ಸಣ್ಣವರಿಗೆ. ಕನ್ನಡ ಉಳಿಸುತ್ತೇವೆ ಅನ್ನುವವರು ಇದನ್ನಾದರೂ ಯೋಚಿಸಬೇಕಿತ್ತು.

ಲೈಬ್ರರಿ ವಿಷಯ ಬೇರೆಯೇ. ಅವರು ಪುಸ್ತಕ ಕೊಂಡಿದ್ದಾರೆ. ಆ ಪ್ರತಿ ನಿಮ್ಮ ಕೈಯಲ್ಲಿದ್ದಾಗ ನನಗೆ ಸಿಗುವುದಿಲ್ಲ, ನಾನು ಕಾಯಬೇಕು ಇಲ್ಲವೇ ಕೊಳ್ಳಬೇಕು. ಗ್ರಂಥಾಲಯ ಇಲಾಖೆ ಕೊಳ್ಳುವ ಪ್ರತಿಗಳನ್ನು ನಂಬಿಕೊಂಡೇ ಎಷ್ಟೋ ಪ್ರಕಾಶಕರು ಬದುಕಿದ್ದಾರೆ. ನಿಮ್ಮ ಪುಸ್ತಕವನ್ನು ಗೆಳೆಯರಿಗೆ ಓದಲು ಕೊಡಿ, ಯಾರದೇನೂ ಅಡ್ಡಿಯಿಲ್ಲ. ವಾಪಸ್ ಬರುವುದಿಲ್ಲ, ಅದು ಬೇರೆ ಮಾತು.

‘ದುಡ್ಡಿಗೆ ಮಾರ್ತಿಲ್ಲ’ ಅನ್ನುವ ಅಡ್ಮಿನ್‌ಗೆ 1957ರ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ತೋರಿಸಿ. ಗೊತ್ತಿದ್ದೂ ಹಕ್ಕು ಮೀರಿದರೆ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕಲ್ಲ ಅಂತಾದರೆ ನ್ಯಾಯಾಲಯ ಕಾರಣ ಬರೆದು ಶಿಕ್ಷೆ ಕಡಿಮೆ ಮಾಡಬಹುದು, ಅಷ್ಟೇ. ಜೈಲಿಗೆ ಹಾಕಿಸಿ ಅಂತ ನಾನು ಹೇಳುತ್ತಿಲ್ಲ. ಪಿಡಿಎಫ್ ಅಳಿಸಿ, ಆ ಜಾಗದಲ್ಲಿ ಪುಸ್ತಕ ಎಲ್ಲಿ ಸಿಗುತ್ತದೆ ಅಂತ ಹಾಕಲು ಹೇಳಿ. ಮೈಲ್ಯಾಂಗ್‌ನಂಥ ಆಪ್‌ಗಳಲ್ಲಿ ಕನ್ನಡದ ಇ-ಪುಸ್ತಕ, ಕೇಳುಪುಸ್ತಕ ಸಿಗುತ್ತವೆ. ದುಡ್ಡಿಗೆ ತೊಂದರೆ ಅನ್ನುವವರಿದ್ದರೆ ಗುಂಪಿನವರೇ ಹತ್ತಿಪ್ಪತ್ತು ರೂಪಾಯಿ ಹಾಕಿ ಒಂದು ಪ್ರತಿ ತರಿಸಿ, ಸುತ್ತಾಡಿಸಿ.

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳು. ಕೈಲಾಸಂ ಅವರ ನಾಟಕ, ಡಿ.ವಿ.ಜಿ.ಯವರ ಪದ್ಯಗಳನ್ನು ನೆಟ್‌ನಿಂದ ಇಳಿಸಿ ಕಳಿಸುತ್ತಿದ್ದೆ. ‘ಕೇಸ್ ಆಗುತ್ತೆ ಹುಷಾರು’ ಅಂತ ಸಹೋದ್ಯೋಗಿ ಹೆದರಿಸಿದ್ದಾರೆ.
(ಅಧ್ಯಾಪಕಿ, ಚಳ್ಳಕೆರೆ)

ಕೈಲಾಸಂ ಧಾರಾಳವಾಗಿ ಕಳಿಸಿ. ನಮ್ಮ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಮೊದಲು 50 ಇತ್ತು, ಟ್ಯಾಗೋರರ ಬರಹದ ಹಕ್ಕು ಮುಗಿಯುವ ಹೊತ್ತಿಗೆ ಗಲಾಟೆಯೆದ್ದು 60 ಆಯಿತು. ಕೈಲಾಸಂ ಹೋದದ್ದು 1946ರಲ್ಲಿ. 2006 ಮುಗಿದಲ್ಲಿಗೆ ಅವರು ಎಲ್ಲರ ಸ್ವತ್ತು. ಡಿ.ವಿ.ಜಿ. 1975ರಲ್ಲಿ ತೀರಿಕೊಂಡವರು, ಅವರ ಹಕ್ಕು 2035ರ ಕೊನೆಯವರೆಗೂ ಇದೆ. ಆರ್ಕೈವ್ ತಾಣದಲ್ಲಿ ಇದೆ ಅಂದಮಾತ್ರಕ್ಕೆ ಹಕ್ಕು ಮುಗಿದಿದೆ ಅಂತಲ್ಲ. ಅಲ್ಲಿ ಸ್ಕ್ಯಾನ್ ಆಗಿ ಕೂತಿರುವುದರಲ್ಲಿ ಹಳತೂ ಇದೆ, ಹಕ್ಕಿರುವುದೂ ಇದೆ. ಕೈಲಾಸಂ ನಾಟಕಕ್ಕೆ ಈಚಿನವರು ಮುನ್ನುಡಿ, ಟಿಪ್ಪಣಿ ಬರೆದಿದ್ದರೆ ಅದಕ್ಕೆ ಅವರದೇ ಹಕ್ಕು.

ಆದರೂ ಹೆದರಬೇಡಿ. ಪಾಠಕ್ಕೆ ಬೇಕಾದಷ್ಟು ಭಾಗ ನಕಲು ಮಾಡಿಕೊಡಲು 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಜೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್‌ನಂಥ ದೊಡ್ಡ ಪ್ರಕಾಶಕರು ಕೇಸು ಹಾಕಿದ್ದರು. 2016ರಲ್ಲಿ ದೆಹಲಿ ಹೈಕೋರ್ಟ್ ಪಾಠದ ಕಡೆಗೇ ನಿಂತಿತು. ಡಿ.ವಿ.ಜಿ.ಯವರ ಎಂಟು ಹತ್ತು ಪದ್ಯ ತರಗತಿಗೆ ಕೊಟ್ಟರೆ ಯಾರೂ ನಿಮ್ಮನ್ನು ಹಿಡಿದುಕೊಂಡು ಹೋಗುವುದಿಲ್ಲ. ಇಡೀ ಪುಸ್ತಕ ಬೇಡ. ಅವರ ಪದ್ಯದ ಪುಸ್ತಕ ಸುಲಭದ ಬೆಲೆಗೆ ಅಂಗಡಿಯಲ್ಲೇ ಇದೆ, ಕಾಲೇಜಿನ ಲೈಬ್ರರಿಗೆ ಹತ್ತು ಪ್ರತಿ ತರಿಸಿ.

ಅಂಗಡಿಯಲ್ಲೂ ಇಲ್ಲ, ಪ್ರಕಾಶನ ಮುಚ್ಚಿದೆ, ವಾರಸುದಾರರು ಎಲ್ಲಿದ್ದಾರೋ ಗೊತ್ತಿಲ್ಲ ಅನ್ನುವ ಪುಸ್ತಕಗಳ ಕಥೆ ಬೇರೆ. ಕಾನೂನು ಅದಕ್ಕೂ ಇದಕ್ಕೂ ಒಂದೇ ಬೀಗ ಹಾಕಿದೆ. ನನಗೆ ಅದು ಒಪ್ಪಿಗೆಯಿಲ್ಲ. ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನಾ’ದ ಒಂದು ಪ್ರಿಂಟೂ ಇವತ್ತು ಉಳಿದಿಲ್ಲ. ಯಾರಾದರೂ ಒಬ್ಬ ಆಗ ಕದ್ದು ನಕಲು ಮಾಡಿಟ್ಟಿದ್ದರೆ ಈಗ ಅವನಿಗೆ ಹಾರ ಹಾಕುತ್ತಿದ್ದೆವು.

ಪ್ರಶ್ನೆ: ಅಕ್ಕ, ನಾನಿರುವುದು ಜರ್ಮನಿಯಲ್ಲಿ. ಇಲ್ಲಿ ಕನ್ನಡ ಸಿನಿಮಾ ಬಂದರೆ ಒಂದು ಭಾನುವಾರ ಒಂದು ಶೋ, ಅದೂ ದೂರದ ಊರಲ್ಲಿ. ತಪ್ಪಿದರೆ ಮುಗೀತು. ಟೆಲಿಗ್ರಾಂನಲ್ಲಿ ನೋಡ್ತೀನಿ. ದುಡ್ಡು ಕೊಡೋಕೆ ನಾನು ರೆಡಿ, ತಗೊಳ್ಳೋರೇ ಇಲ್ಲ. ಇದು ಕಳ್ಳತನವಾ?
(ಸಾಫ್ಟ್‌ವೇರ್ ಎಂಜಿನಿಯರ್)

ಯಾವಾಗ ನೋಡ್ತೀರಿ ಅನ್ನೋದರ ಮೇಲಿದೆ, ತಮ್ಮಾ. ಶುಕ್ರವಾರ ಬಿಡುಗಡೆಯಾದದ್ದನ್ನು ಶನಿವಾರ ಟೆಲಿಗ್ರಾಂನಲ್ಲಿ ನೋಡಿದರೆ ಕಳ್ಳತನವೇ. ಅದು ಥಿಯೇಟರಿನಲ್ಲಿ ಕೂತು ಯಾರೋ ಕ್ಯಾಮೆರಾದಲ್ಲಿ ಹಿಡಿದದ್ದು. ಮುಂದೆ ಎದ್ದು ಹೋದವನ ತಲೆಯೂ ಅದರಲ್ಲಿರುತ್ತದೆ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆ ತಿದ್ದಿ ಹೀಗೆ ಕ್ಯಾಮೆರಾದಲ್ಲಿ ಹಿಡಿಯುವವರಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಇಟ್ಟಿದ್ದಾರೆ. ದಂಡ 3 ಲಕ್ಷದಿಂದ ಶುರು, ಸಿನಿಮಾ ತಯಾರಿಸಿದ ಖರ್ಚಿನ ನೂರಕ್ಕೆ ಐದರವರೆಗೂ ಹೋಗಬಹುದು.

ವರ್ಷ ಕಳೆದರೂ ದುಡ್ಡು ಕೊಟ್ಟು ನೋಡುವ ದಾರಿಯೇ ಇಲ್ಲದ ಸಿನಿಮಾಕ್ಕೆ ನಾನು ನಿಮ್ಮನ್ನು ಕಳ್ಳ ಅನ್ನುವುದಿಲ್ಲ. ನಿರ್ಮಾಪಕರು ಅನ್ನಬಹುದು, ಕಾನೂನೂ ಅವರ ಕಡೆಗಿದೆ. ಆದರೆ ನಮ್ಮ ಸಣ್ಣ ಚಿತ್ರಗಳನ್ನು ಒಟಿಟಿಯವರು ಮೂಸಿ ನೋಡುವುದಿಲ್ಲ ಅನ್ನುವುದೂ ನಿಜ. ‘ಏಕಂ’ ಸರಣಿಯನ್ನು ಯಾರೂ ಕೊಳ್ಳದೆ ಕೊನೆಗೆ 2024ರಲ್ಲಿ ರಕ್ಷಿತ್ ಶೆಟ್ಟಿಯವರ ತಂಡ ತನ್ನದೇ ವೆಬ್‌ಸೈಟ್ ಮಾಡಿ ತೋರಿಸಬೇಕಾಯಿತು. ಅಂಥ ಕಡೆ ನೀವು ದುಡ್ಡು ಕೊಟ್ಟಿದ್ದೀರಾ? ಕೊಟ್ಟಿದ್ದರೆ ನಿಮ್ಮ ಸಿಟ್ಟಿಗೆ ಬೆಲೆಯಿದೆ. ನೋಡಿದ್ದನ್ನು ಇನ್ನೊಂದು ಗುಂಪಿಗೆ ಮಾತ್ರ ದೂಡಬೇಡಿ.

ಪ್ರಶ್ನೆ: ನನಗೆ ಕಣ್ಣು ಕಾಣುವುದಿಲ್ಲ. ಕೊಂಡ ಪುಸ್ತಕವನ್ನು ತಂಗಿಯಿಂದ ಸ್ಕ್ಯಾನ್ ಮಾಡಿಸಿ, ಕಂಪ್ಯೂಟರಿನಿಂದ ಓದಿಸಿಕೊಳ್ಳುತ್ತೇನೆ. ನನ್ನಂಥದ್ದೇ ಒಬ್ಬ ಗೆಳೆಯ ಆ ಫೈಲ್ ಕೇಳುತ್ತಿದ್ದಾನೆ. ಕೊಡಬಹುದೇ?
(ಓದುಗ, ಧಾರವಾಡ)

ಕೊಡಿ. 2012ರ ತಿದ್ದುಪಡಿಯಲ್ಲಿ ಇದಕ್ಕೆ ಸ್ಪಷ್ಟವಾಗಿ ಅನುಮತಿ ಇದೆ. ಕಣ್ಣು ಕಾಣದವರಿಗೆ ಓದಲು ಬರುವ ಹಾಗೆ ಯಾರು ಬೇಕಾದರೂ ಪುಸ್ತಕದ ರೂಪ ಬದಲಿಸಬಹುದು, ಅಂಥವರೊಳಗೆ ಹಂಚಬಹುದು. ಇದೇ ವಿಷಯದ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ್ದೂ ಭಾರತವೇ.

ಇನ್ನೂ ಒಂದು ಕೆಲಸ ಮಾಡಿ. ಪ್ರಕಾಶಕರಿಗೆ ಬರೆದು ಮೂಲ ಫೈಲನ್ನೇ ಕೇಳಿ. ಕೊಡುವವರಿದ್ದಾರೆ. ಹಳೆಯ ನುಡಿ ಫಾಂಟಿನಲ್ಲಿ ಇದ್ದರೆ ನಿಮ್ಮ ಯಂತ್ರಕ್ಕೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ, ಯೂನಿಕೋಡ್‌ಗೆ ಬದಲಿಸಿ ಕೊಡಲು ಹೇಳಿ. ಸ್ಕ್ಯಾನ್ ಮಾಡಿದ್ದನ್ನೇ ಬಳಸುವುದಾದರೆ ತಂಗಿಗೆ ಒಂದು ಮಾತು: ಪದದ ನಡುವೆ ಅನುಸ್ವಾರ ಇರಬೇಕಾದಲ್ಲಿ ಎಷ್ಟೋ ಸಲ ಅಂಕಿಯ ಸೊನ್ನೆ ಕೂತಿರುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಯಂತ್ರಕ್ಕೆ ಹಾಗಲ್ಲ, ‘ಬಂದ’ ಅನ್ನುವುದನ್ನು ಅದು ‘ಬ ಸೊನ್ನೆ ದ’ ಅಂತ ಓದುತ್ತದೆ. ಕೊಡುವ ಮೊದಲು ಸೊನ್ನೆ ಹುಡುಕಿ ಬದಲಿಸಿದರೆ ಗೆಳೆಯನಿಗೂ ಕಿರಿಕಿರಿ ತಪ್ಪುತ್ತದೆ. ಪುಟದ ಸಂಖ್ಯೆಯ ಸೊನ್ನೆ ಮಾತ್ರ ಹಾಗೇ ಇರಲಿ.